ಲೊಟಲೊಟ ಎಂದ ಮಾನಿಟರು

ಅಟ್ಟ ಸೇರಿದ ತೆಂಗಿನಕಾಯಿ ವರ್ಷದ ಹತ್ತಿರ ಅಲ್ಲೇ ಮಲಗಿರುತ್ತದೆ. ಒಳಗಿನ ನೀರು ಇಂಗಿ, ತಿರುಳು ಒಣಗಿ, ಚಿಪ್ಪು ಬಿಟ್ಟುಕೊಂಡು ಕೊಬ್ಬರಿಯಾಗುತ್ತದೆ. ಆಯಿತೋ ಇಲ್ಲವೋ ತಿಳಿಯಲು ಒಡೆಯಬೇಕಿಲ್ಲ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಸಾಕು. ಕುಳುಕುಳು ಎಂದರೆ ನೀರಿದೆ, ಇನ್ನೂ ಕಾಯಬೇಕು. ಲೊಟಲೊಟ ಎಂದರೆ ಶಿವ ಕೊಟ್ಟ. ಹಂದನಕೆರೆಯ ಸದಾಶಿವಯ್ಯನವರು ಬದುಕಿಡೀ ನಂಬಿಕೊಂಡು ಬಂದ ಶಾಸ್ತ್ರ ಇದು.

ಹಾಗಾಗಿ ತಿಪಟೂರಿನ ಹಳೇ ಸಾಮಾನಿನ ಅಂಗಡಿಯಲ್ಲಿ ಒಂದು ಕಂಪ್ಯೂಟರ್ ಮಾನಿಟರು ಕಂಡಾಗಲೂ ಅವರು ಅದನ್ನೆತ್ತಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಒಳಗೆ ಲೊಟಲೊಟ ಎಂದಿತು. ಕೊಂಡು, ಬಸ್ಸಿನಲ್ಲಿ ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಮನೆಗೆ ತಂದರು.

ಅದು ಹೆಂಡತಿ ಗಿರಿಜಾಂಬಿಕಾ ಅವರಿಗೆ. ದಿನವೂ ಲಿಂಗಪೂಜೆ ಮುಗಿಸಿ, ಒಂದು ವಚನ ಓದಿಯೇ ಆಕೆ ಒಲೆಯ ಮುಂದೆ ಹೋಗುತ್ತಿದ್ದುದು. ಈಚೆಗೆ ಕಣ್ಣಿನ ನಡುಭಾಗ ಮಸುಕಾಗಿ, ಪುಸ್ತಕದ ಅಕ್ಷರಗಳು ಇರುವೆಗಳಂತೆ ಚದುರತೊಡಗಿದ್ದವು. ಆಪರೇಷನ್ನಿಗೆ ಬಗ್ಗುವುದಲ್ಲ, ಅಕ್ಷರ ಅಂಗೈಯಗಲ ಇದ್ದರೆ ಓದಬಹುದು ಎಂದಿದ್ದರು ಡಾಕ್ಟರು. ಓದಿ ಹೇಳುತ್ತೇವೆಂದರೆ ಆಕೆ ಒಪ್ಪುತ್ತಿರಲಿಲ್ಲ. "ನೀವು ಉಂಡ್ರೆ ನನ್ ಹೊಟ್ಟೆ ತುಂಬ್ತದಾ?" ಎನ್ನುತ್ತಿದ್ದರು. ಮೊಮ್ಮಗಳು ಇಂಪನಾಳ ಕಂಪ್ಯೂಟರು ಮನೆಯಲ್ಲೇ ಇತ್ತು. ಅದರ ಪರದೆ ಮಾತ್ರ ಕೆಟ್ಟಿತ್ತು.

ಇಂಪನಾ ಮಾನಿಟರನ್ನು ತಿರುಗಿಸಿ ನೋಡಿದಳು. "ತಾತ, ಇದ್ರ ಬೆನ್ನು ನೋಡಿದ್ರಾ? ಸುಟ್ಟ ಹಪ್ಪಳದಂಗೆ ಸೊಟ್ಟಗಾಗೈತೆ."

"ಬೇಕರಿ ಒಲೆ ಪಕ್ಕ ಇಟ್ಟಿದ್ರಂತೆ ಕಣವ್ವ. ಒಳಗೆ ಚೆನ್ನಾಗಿ ಬಲ್ತೈತೆ, ಅಲ್ಲಾಡ್ಸಿ ನೋಡಿವ್ನಿ."

"ಅಯ್ಯೋ, ಮಾನಿಟರು ಲೊಟಲೊಟ ಅನ್ಬಾರ್ದು ತಾತ!"

ಅಡುಗೆಮನೆಯಿಂದ ಗಿರಿಜಾಂಬಿಕಾ ನಕ್ಕರು. "ಸದ್ಯ, ನನ್ನ ನೋಡಕ್ಕೆ ಬಂದಾಗ ಅಲ್ಲಾಡಿಸ್ಲಿಲ್ಲ ನಿಮ್ಮ ತಾತ."

ಮರುದಿನ ರಿಪೇರಿಯ ಜ್ಞಾನೇಶ್ ಬಂದ. ಬೇಕರಿ ಒಲೆ, ಲೊಟಲೊಟ ಎಲ್ಲವನ್ನೂ ಕೇಳಿಕೊಂಡು ಬಾಗಿದ ಬೆನ್ನನ್ನು ಸವರಿ ನೋಡಿದ. "ಬಿಸಿ ಹೊರಗಿಂದ ತಗುಲಿದ್ರೆ ಬರೀ ಪ್ಲಾಸ್ಟಿಕ್ ಹೋಗಿರ್ತದೆ, ಪರವಾಗಿಲ್ಲ. ಒಳಗಿಂದ ಹುಟ್ಟಿದ್ರೆ ಮಾತ್ರ ಮುಟ್ಬಾರ್ದು." ಆಮೇಲೆ ತಲೆಯೆತ್ತಿದ. ಅಟ್ಟದ ತುಂಬ ಒಣಗಿದ ಕಾಯಿ, ಸಿಪ್ಪೆ ಸಮೇತ. "ಇದ್ರ ಕೆಳಗೆ ಬ್ಯಾಡ ಯಜಮಾನ್ರೇ, ಜಗಲಿಗೆ ತನ್ನಿ."

ಜಗಲಿಯ ಮೇಲೆ ಮುಚ್ಚಳ ಬಿಚ್ಚಿದರೆ ಒಂದು ಸ್ಕ್ರೂ ಉರುಳಿ ಬಿತ್ತು. ಅದನ್ನು ಹಿಡಿದಿದ್ದ ಪ್ಲಾಸ್ಟಿಕ್ಕು ಕರಗಿಹೋಗಿತ್ತು. "ತಗಳಿ, ನಿಮ್ಮ ಕೊಬ್ಬರಿ," ಎಂದ ಜ್ಞಾನೇಶ್. ಬೇರೇನೂ ಸುಟ್ಟಂತೆ ಕಾಣಲಿಲ್ಲ. ಮುಚ್ಚಳ ಹಾಕಿ, ಸ್ವಿಚ್ಚಿನ ಮೇಲೆ ಬೆರಳಿಟ್ಟುಕೊಂಡೇ ಹಚ್ಚಿದ. ಇಂಪನಾ ತನ್ನ ಕಂಪ್ಯೂಟರಿಗೆ ಅದನ್ನು ಜೋಡಿಸಿ, ಒಂದು ವಚನವನ್ನು ಅಂಗೈಯಗಲದ ಅಕ್ಷರದಲ್ಲಿ ತೆರೆದಳು.

ಗಿರಿಜಾಂಬಿಕಾ ಸೆರಗು ಸರಿಮಾಡಿಕೊಂಡು ಪರದೆಯ ಮುಂದೆ ಕೂತರು. ಒಂದೊಂದೇ ಪದ ಎತ್ತಿಕೊಂಡು ಓದಿದರು. ಸದಾಶಿವಯ್ಯ ಪರದೆ ನೋಡಲಿಲ್ಲ, ಹೆಂಡತಿಯ ಮುಖ ನೋಡುತ್ತಿದ್ದರು.

ವಚನದ ಅರ್ಧಕ್ಕೆ ಆಕೆ ನಿಲ್ಲಿಸಿದರು. "ಆರ್ಸಪ್ಪ."

"ಯಾಕಮ್ಮಾ?"

"ಇದ್ರೊಳಗಿಂದ ವಾಸ್ನೆ ಬರ್ತೈತೆ, ಅಟ್ಟದ ಮೂಲೇಲಿ ಕಾಯಿ ಸೀದಂಗೆ."

ಮಿಕ್ಕವರ ಮೂಗಿಗೆ ಏನೂ ತಿಳಿಯಲಿಲ್ಲ. ಆದರೂ ಜ್ಞಾನೇಶ್ ಆರಿಸಿದ. ತಣ್ಣಗಾಗಲು ಬಿಟ್ಟು, ಮತ್ತೆ ಬಿಚ್ಚಿ, ಕರೆಂಟು ಬರುವ ಹಲಗೆಯನ್ನೇ ಕಳಚಿ ಮಗುಚಿದ. ಅಡಿಭಾಗ ಸೀದ ರೊಟ್ಟಿಯಂತೆ ಕಪ್ಪಗಾಗಿತ್ತು. "ಒಳಗಿಂದ್ಲೇ ಕಣ್ರೀ. ಬೇಕರಿ ಒಲೆ ಬರೀ ಕಥೆ. ಇದು ಮನೇಲಿ ಬ್ಯಾಡ."

"ದಿನಕ್ಕೆ ಒಂದೇ ವಚನ ಕಣಪ್ಪ," ಸದಾಶಿವಯ್ಯ ಗೋಗರೆದರು. "ಅಷ್ಟೊತ್ತೂ ಒಂದು ಬಿಂದಿಗೆ ನೀರಿಟ್ಕೊಂಡು ನಾನೇ ಪಕ್ಕದಲ್ಲಿ ಕೂತಿರ್ತೀನಿ."

"ಕರೆಂಟಿಗೆ ನೀರಾ! ಚೆನ್ನಾಗೈತೆ ಬುಡಿ."

"ದೇವರ ದೀಪಾನೇ ನಾನು ಆ ಅಟ್ಟದ ಕೆಳಗೆ ಉರಿಯಕ್ಕೆ ಬಿಟ್ಟು ಮಲಗಲ್ಲ," ಎಂದರು ಗಿರಿಜಾಂಬಿಕಾ. "ಅರ್ಧ ಓದಿದ್ನಲ್ಲ, ಸಾಕು." ಹಾಗೆನ್ನುವಾಗ ಆಕೆಯ ಕೈ ಆರಿದ ಗಾಜನ್ನು ಸವರುತ್ತಲೇ ಇತ್ತು. ಅದನ್ನು ಕಂಡವರು ಸದಾಶಿವಯ್ಯ ಒಬ್ಬರೇ.

ಮಾರನೆಯ ಬೆಳಿಗ್ಗೆ ಪೂಜೆ ಮುಗಿಸಿದ ಗಿರಿಜಾಂಬಿಕಾ ಅಭ್ಯಾಸದಿಂದ ಪುಸ್ತಕಕ್ಕೆ ಕೈಚಾಚಿ, ನೆನಪಾಗಿ ಹಿಂದೆಗೆದುಕೊಂಡರು. ಕಣ್ಣೆತ್ತಿದರೆ ಎದುರಿನ ಬಿಳಿ ಗೋಡೆಯ ಮೇಲೆ ಕಪ್ಪಗೆ ಏನೋ ನಿಂತಿತ್ತು. ಕೊಬ್ಬರಿ ಮೂಟೆಯ ಮೇಲೆ ಹೆಸರು ಬರೆಯುವ ದಪ್ಪ ಬ್ರಷ್ಷು, ಅದೇ ಮಸಿ, ಮೂಟೆಯ ಮೇಲಿನಷ್ಟೇ ದೊಡ್ಡ ಅಕ್ಷರ. ನಿನ್ನೆ ನಿಂತಲ್ಲಿಂದ ಮುಂದಿನ ಸಾಲುಗಳು. ಪಕ್ಕದಲ್ಲಿ ಮೊಣಕೈವರೆಗೂ ಮಸಿ ಬಳಿದುಕೊಂಡ ಸದಾಶಿವಯ್ಯ.

ಆಕೆ ಗಾಳಿಯಲ್ಲಿ ಬೆರಳಾಡಿಸುತ್ತ ವಚನದ ಕೊನೆಯವರೆಗೂ ಓದಿದರು. ಕೈ ಮುಗಿದರು. ಗೋಡೆಗೋ, ಗಂಡನಿಗೋ, ಅಂಕಿತದಲ್ಲಿದ್ದ ಶಿವನಿಗೋ.

"ತಾತಾ! ಮೊನ್ನೆ ತಾನೇ ಸುಣ್ಣ ಹೊಡೆದಿರೋ ಗೋಡೆ!" ಎಂದು ಇಂಪನಾ ಕೂಗಿದಳು.

"ಸಾಯಂಕಾಲ ಮತ್ತೆ ಹೊಡೀತೀನಿ ಕಣವ್ವ. ನಾಳೆ ಬೇರೆ ವಚನ."

ಗಿರಿಜಾಂಬಿಕಾ ಕತ್ತು ವಾಲಿಸಿ ನೋಡಿದರು. "ರೀ, ಕೊನೇ ಸಾಲು ಯಾಕೆ ಇಷ್ಟು ಓರೆಯಾಗೈತೆ?"

"ಸ್ಟೂಲು ಲೊಟಲೊಟ ಅಂತಿತ್ತು ಕಣೇ. ಹತ್ತೋಕೆ ಮುಂಚೆ ಅಲ್ಲಾಡ್ಸಿ ನೋಡೋದು ಮರೆತೆ."