ಕೊನೆಯ ಪಾಠದ ಹದಿಮೂರು ನಿಮಿಷ

“ಕೇಳಿಸಿಕೊಂಡಿದ್ದೂ ತಪ್ಪಾ?”

ಖಾಲಿ ಬೆಂಚುಗಳ ಎದುರು ನಿಂತು ಆಕೆ ಕೇಳಿದಳು. ಬೋರ್ಡಿನ ಮೇಲೆ ತಾನೇ ಬರೆದ ಅಕ್ಷರಗಳನ್ನು ಒರೆಸಲು ಕೈ ಬರಲಿಲ್ಲ.

ಪರದೇಶಕ್ಕೆ ಹೋಗಿ ಇಂಗ್ಲಿಷ್ ಕಲಿಸಲಿರುವವರಿಗೆ ಊರಿನ ಆ ಕೇಂದ್ರದಲ್ಲಿ ಆರು ವಾರದ ತರಬೇತಿ. ಸಂಜೆ ಸುತ್ತಲಿನ ಜನಕ್ಕೆ ಪುಕ್ಕಟೆ ಪಾಠ. ಅವರ ಮೇಲೆಯೇ ಇವರು ಕೈ ಪಳಗಿಸಿಕೊಳ್ಳಬೇಕು. ಹಿಂದಿನ ಬೆಂಚಿನಲ್ಲಿ ಪರೀಕ್ಷಕರು ಗಡಿಯಾರ ಹಿಡಿದು ಕೂರುತ್ತಾರೆ. ಕಲಿಸುವವರ ಮಾತು ಕಡಿಮೆ ಇರಬೇಕು, ಕಲಿಯುವವರದ್ದು ಹೆಚ್ಚು. ಆದರೆ ಎಲ್ಲವೂ ಇಂಗ್ಲಿಷಿನಲ್ಲೇ. ಬೇರೆ ಭಾಷೆಯ ಮಾತು ಐದು ನಿಮಿಷ ಮೀರಿತೋ, ಪಾಠ ಫೇಲು.

ಮಾತು ಕಡಿಮೆ ಮಾಡುವುದು ಆಕೆಗೆ ನೀರು ಕುಡಿದಷ್ಟು ಸುಲಭ. ಅಜ್ಜ ಪದ್ಯ ಓದುವಾಗ ಗೋಡೆಗೊರಗಿ ಕೂತು ಕೇಳಿ ಬೆಳೆದವಳು. ಓದು ನಿಲ್ಲುವ ತನಕ ಯಾರೂ ಬಾಯಿ ಹಾಕಬಾರದು, ಯಾರೂ ಏಳಬಾರದು. ಅದು ಆ ಮನೆಯ ನೇಮ.

ಕೊನೆಯ ಪಾಠದ ವಿಷಯ, ‘ಮರೆಯಲಾಗದ ದಿನ’. ಪಕ್ಕದ ಬೀದಿಯ ದರ್ಜಿ, ಅರವತ್ತು ದಾಟಿದವರು, ಇಂಗ್ಲಿಷಿನಲ್ಲಿ ಎರಡು ವಾಕ್ಯ ಹೇಳಿ ತಡವರಿಸಿದರು. ಆಮೇಲೆ ತಮ್ಮ ಮನೆಮಾತಿನಲ್ಲೇ ಶುರುಮಾಡಿದರು. ಆಸ್ಪತ್ರೆಯ ಮಂಚ, ಹೆಂಡತಿಯ ಒಣಗಿದ ತುಟಿ, ಅರ್ಧ ಹೊಲಿದಿಟ್ಟ ಅಂಗಿಗೆ ಗುಂಡಿ ಹಾಕಿಬಿಡಿ ಎಂದು ಅವಳು ಕಡೆಯದಾಗಿ ಹೇಳಿದ್ದು. ಪರೀಕ್ಷಕರು ಪೆನ್ನಿನಿಂದ ಎರಡು ಸಲ ಬೆಂಚು ಕುಟ್ಟಿದರು. ಆಕೆಗೆ ತಡೆಯಲು ಬಾಯಿ ಬರಲಿಲ್ಲ. ಹದಿಮೂರು ನಿಮಿಷ.

ಈಗ ಪರೀಕ್ಷಕರು ಬ್ಯಾಗು ಹೆಗಲಿಗೇರಿಸಿ ಬಾಗಿಲಿಗೆ ಬಂದರು. “ಪಾಠಕ್ಕೆ ಬಂದಿದ್ರೋ, ಹರಿಕಥೆಗೋ ತಾಯಿ?”

“ಇನ್ನೊಂದು ಪಾಠ ಕೊಡಿ ಸರ್.”

“ಬ್ಯಾಚ್ ಮುಗೀತು. ಒಂದು ದಾರಿ ಇದೆ. ಆ ದರ್ಜಿಯ ಅಭಿಪ್ರಾಯದ ಹಾಳೆ ಇನ್ನೂ ಬಂದಿಲ್ಲ. ಇಂಗ್ಲಿಷಲ್ಲೇ ಮಾತಾಡ್ದೆ ಅಂತ ಬರ್ಕೊಟ್ರೆ ನಾನು ಕಣ್ಣು ಮುಚ್ಕೋತೀನಿ. ನಾಳೆ ಹತ್ತು ಗಂಟೆಯೊಳಗೆ ತನ್ನಿ.”

ಹದಿನೇಳು ಶಾಲೆಗಳು, ಇಂಗ್ಲಿಷಿನಲ್ಲೇ ಹುಟ್ಟಿ ಬೆಳೆದವರು ಬೇಕು ಎಂದು ಆಕೆಯನ್ನು ತಳ್ಳಿಹಾಕಿದ್ದವು. ಹದಿನೆಂಟನೆಯದು, ಸಮುದ್ರದಾಚೆಯದು, ಒಪ್ಪಿತ್ತು; ಈ ತರಬೇತಿಯ ಪ್ರಮಾಣಪತ್ರ ಶುಕ್ರವಾರದೊಳಗೆ ಕೈಸೇರಿದರೆ ಮಾತ್ರ. ಮನೆಯಲ್ಲಿ ಅತ್ತಿಗೆ ಆಕೆಯ ಕಪಾಟನ್ನು ಆಗಲೇ ಖಾಲಿ ಮಾಡಿಸಿದ್ದಳು. “ನಮ್ಮ ಟೀಚರಮ್ಮ ಹಾರೋದು ಯಾವಾಗಂತೆ?” ಎಂದು ಅಣ್ಣನ ಮುಂದೆಯೇ ಅಡುಗೆಮನೆಯಿಂದ ಕೇಳುತ್ತಿದ್ದಳು. ಅಣ್ಣ ಪತ್ರಿಕೆ ಮಗುಚುತ್ತಿದ್ದ.

ಬೆಳಿಗ್ಗೆ ದರ್ಜಿಯ ಅಂಗಡಿಯ ಬಾಗಿಲು ತೆಗೆಯುವ ಹೊತ್ತಿಗೆ ಆಕೆ ಅಲ್ಲಿದ್ದಳು.

“ಒಳಗೆ ಬನ್ನಿ ಮೇಡಂ. ಬಾಗಿಲಲ್ಲಿ ನಿಂತೋರಿಗೆಲ್ಲ ನಾನು ಅಳತೆ ತಗೊಂಡುಬಿಡ್ತೀನಿ,” ಎಂದು ದರ್ಜಿ ಸ್ಟೂಲು ಒರೆಸಿದರು.

ಆಕೆ ಕೂರಲಿಲ್ಲ. ಅಭಿಪ್ರಾಯದ ಖಾಲಿ ಹಾಳೆಯನ್ನು ಬಟ್ಟೆ ಕತ್ತರಿಸುವ ಮೇಜಿನ ಮೇಲಿಟ್ಟು ವಿಷಯ ಹೇಳಿದಳು. ಹೇಳುವಾಗ ದನಿ ಸಣ್ಣದಾಯಿತು.

ದರ್ಜಿ ಕನ್ನಡಕ ಏರಿಸಿಕೊಂಡರು. “ಬರೀದಿದ್ರೆ ನಿಮ್ಮ ಕೆಲಸ ಹೋಗುತ್ತಾ?”

“ಹೋಗುತ್ತೆ.”

ಅವರು ಮೇಜಿನ ಮೇಲಿನ ಸೀಮೆಸುಣ್ಣದ ಗೆರೆಯನ್ನು ಬೆರಳಿನಿಂದ ಒರೆಸಿದರು. “ನನ್ನ ಮಕ್ಕಳಿಗೂ ಹೇಳಿರಲಿಲ್ಲ ಅದನ್ನ. ನೀವು ಹಾಗೆ ಕೇಳ್ತಾ ಕೂತ್ರಿ, ಬಂದುಬಿಡ್ತು. ನನ್ನವಳಿಗೆ ಇಂಗ್ಲಿಷಿನ ಒಂದಕ್ಷರ ಬರ್ತಿರಲಿಲ್ಲ ಮೇಡಂ. ಅವಳ ಸಾವನ್ನ ಅವಳಿಗೇ ತಿಳೀದ ಮಾತಲ್ಲಿ ಹೇಳ್ದೆ ಅಂತ ಬರೀಲಾ?”

“ಒಂದೇ ಸಾಲು, ಯಜಮಾನ್ರೇ. ನಿಮ್ಮ ಕಾಲಿಗೆ ಬೀಳ್ತೀನಿ.”

ದರ್ಜಿ ಹಾಳೆಯನ್ನು ಮೆಲ್ಲಗೆ ಆಕೆಯ ಕಡೆ ಸರಿಸಿದರು.

“ಇಲ್ಲ ಮೇಡಂ. ಬರಿಯೋದಿಲ್ಲ.”