ಬಿಳಿಯ ಕೆಳಗಿನ ಬರಹ

ಊರಿನ ಕಲಾ ಸಂಗ್ರಹಾಲಯದಲ್ಲಿ ನಾನು ಗೋಡೆಗೆ ಬಣ್ಣ ಹೊಡೆಯುವವನು. ಆಧುನಿಕ ಚಿತ್ರಗಳಿರಲಿ, ಫೋಟೋಗಳಿರಲಿ, ಕಟ್ಟಡಗಳ ರಟ್ಟಿನ ಮಾದರಿಗಳಿರಲಿ, ಒಂದು ಪ್ರದರ್ಶನ ಇಳಿದ ಮರುದಿನ ಗೋಡೆ ಮತ್ತೆ ಬೆಳ್ಳಗಾಗಬೇಕು. ಬೆಳ್ಳಗೆ ಅಂದರೆ ಸಾಲದು. ಹಾಲಿನ ಬಿಳಿಯೋ, ಸುಣ್ಣದ ಬಿಳಿಯೋ, ಮೊಟ್ಟೆಯ ಬಿಳಿಯೋ ಎಂದು ನಿರ್ದೇಶಕರು ಮೂರು ದಿನ ಸಭೆ ನಡೆಸುತ್ತಾರೆ. ನಾನು ಡಬ್ಬದಲ್ಲಿ ಉಳಿದದ್ದನ್ನೇ ಹೊಡೆಯುತ್ತೇನೆ. ಅವರು ದೂರ ನಿಂತು, ಒಂದು ಕಣ್ಣು ಮುಚ್ಚಿ, "ಹಾಂ, ಇದೇ ನೋಡು ನಾನು ಹೇಳಿದ್ದು" ಎನ್ನುತ್ತಾರೆ.

ಇಂಥವರ ಎದುರು ಬಾಯಿ ಬಿಟ್ಟರೆ ಕೆಲಸ ಹೋಗುತ್ತದೆ, ಬಿಡದಿದ್ದರೆ ಹೊಟ್ಟೆ ಉಬ್ಬುತ್ತದೆ. ಅದಕ್ಕೇ ನಾನೊಂದು ದಾರಿ ಮಾಡಿಕೊಂಡಿದ್ದೆ. ಮೊದಲ ಕೋಟು ಬಣ್ಣ ಬಳಿಯುವ ಮುಂಚೆ ಬಾಗಿಲು ಹಾಕಿಕೊಂಡು, ಅನ್ನಬೇಕಾದ್ದನ್ನೆಲ್ಲ ಬಡಗಿಯ ಪೆನ್ಸಿಲಿನಲ್ಲಿ ದೊಡ್ಡ ಕೋಣೆಯ ಗೋಡೆಯ ಮೇಲೆ ಬರೆದುಬಿಡುತ್ತಿದ್ದೆ. ಅದರ ಮೇಲೆ ಎರಡು ಕೋಟು ಬಿಳಿ. ಹನ್ನೆರಡು ವರ್ಷ ಹೀಗೇ ನಡೆಯಿತು, ನನ್ನ ಹೊಟ್ಟೆಯೂ ತಣ್ಣಗಿತ್ತು.

ನಿವೃತ್ತಿಗೆ ಇನ್ನು ಎಂಟೇ ತಿಂಗಳು ಎನ್ನುವಾಗ ಒಬ್ಬ ಕಲಾವಿದೆ ಬಂದರು. ಚಿತ್ರ ತರಲಿಲ್ಲ, ಫೋಟೋ ತರಲಿಲ್ಲ, ಒಂದು ಚಿಕ್ಕ ಚಾಕು ತಂದರು. ದೊಡ್ಡ ಕೋಣೆಯ ಗೋಡೆಯನ್ನು ಜನರ ಎದುರೇ ಪದರ ಪದರವಾಗಿ ಕೆರೆಯುವುದೇ ಅವರ ಕೃತಿಯಂತೆ. ಅದಕ್ಕೆ 'ಮೌನದ ಚರ್ಮ' ಎಂಬ ಹೆಸರು ಬೇರೆ.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಬಟ್ಟೆ ಮಡಚುವುದನ್ನು ನಿಲ್ಲಿಸಿದಳು.

"ಏನೇನು ಬರೆದಿದ್ದೀರಿ?"

"ಎಲ್ಲಾ ಎಲ್ಲಿ ನೆನಪಿರತ್ತೆ? ಒಳ್ಳೇದಂತೂ ಬರ್ದಿಲ್ಲ."

"ಬಾಯಿ ಸುಮ್ನಿದ್ರೂ ಕೈ ಸುಮ್ನಿರಲ್ಲ ನಿಮ್ದು. ಮಾಡಿದ್ದುಣ್ಣೋ ಮಹರಾಯ. ನಾಳೆ ಹೋಗಿ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡ್ಕೋಬೇಡಿ, ಅಷ್ಟು ಸಾಕು. ಎಂಟು ತಿಂಗಳು ಬಾಯಿಗೆ ಬೀಗ ಹಾಕ್ಕೊಂಡಿರಿ."

ಆಗಲಿ ಎಂದೆ. ನಿಜ ಹೇಳುತ್ತೇನೆ, ನನಗೆ ಭಯವಾಗಿತ್ತು.

ಮೊದಲ ದಿನವೇ ಪೆನ್ಸಿಲ್ ಗೆರೆ ಕಾಣಿಸಿಕೊಂಡಿತು. ಕಲಾವಿದೆ ಪುಡಿ ಊದಿ ಗಟ್ಟಿಯಾಗಿ ಓದಿದರು: "ನಿರ್ದೇಶಕರಿಗೆ ಬಿಳಿ ಕಂಡರೆ ಕೆನೆ, ಕೆನೆ ಕಂಡರೆ ಬಿಳಿ. ತಲೆ ಮಾತ್ರ ಖಾಲಿ ಗೋಡೆ."

ನಿರ್ದೇಶಕರು ಗದ್ದ ಹಿಡಿದುಕೊಂಡು ಗೋಡೆಯ ಹತ್ತಿರ ಬಂದರು. ಆಮೇಲೆ, "ಅದ್ಭುತ. ಇಲ್ಲಿ ನಿರ್ದೇಶಕ ಅಂದ್ರೆ ನಾನಲ್ಲ, ಅದು ಅಧಿಕಾರದ ಪ್ರತೀಕ" ಎಂದರು. ಎಲ್ಲರೂ ತಲೆದೂಗಿದರು. ನಾನೂ ತೂಗಿದೆ, ಏನು ಮಾಡಲಿ.

ವಾರದೊಳಗೆ ಜನ ಸಾಲುಗಟ್ಟಿದರು. 'ಕುರ್ಚಿಗಳ ಪ್ರದರ್ಶನವಂತೆ, ಕಾವಲಿನವನಿಗೆ ಕೂರಲು ಸ್ಟೂಲಿಲ್ಲ' ಎಂಬ ಸಾಲಿನ ಮುಂದೆ ಗಂಡ ಹೆಂಡತಿ ಫೋಟೋ ತೆಗೆಸಿಕೊಂಡರು. ಬರೆದ ಅಜ್ಞಾತ ಮಹಾನುಭಾವ ಯಾವ ದೇಶದವನಿರಬೇಕು ಎಂದು ಪಂಡಿತರು ಕಿತ್ತಾಡಿದರು. ನನ್ನ ಅಕ್ಷರ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹಾಜರಿಗೆ ಯಂತ್ರದ ಮೇಲೆ ಬೆರಳು ಒತ್ತಿದರೆ ಮುಗಿಯಿತು, ನನ್ನಿಂದ ಇಷ್ಟು ವರ್ಷ ಒಂದು ಸಾಲು ಬರೆಸಿಕೊಂಡವರಿಲ್ಲ. ದಿನ ಕಳೆದಂತೆ ಭಯ ಇಳಿಯಿತು, ಮೀಸೆಯ ಕೆಳಗೆ ನಗುವೂ ಬಂತು.

ಮೂರನೆಯ ವಾರ ಚಾಕು ಒಂಬತ್ತು ವರ್ಷದ ಕೆಳಗಿನ ಪದರ ಮುಟ್ಟಿತು. ಕಲಾವಿದೆ ಓದಿದರು: "ಬೆಳಿಗ್ಗೆ ಅಪ್ಪ ತೀರಿಕೊಂಡ. ಗೋಡೆ ಮುಗಿಸಿ ಹೋಗು ಅಂತಾರೆ."

ನಾನು ಅದನ್ನು ಬರೆದಿದ್ದೆನೆಂಬುದನ್ನೇ ಮರೆತಿದ್ದೆ. ಮರೆತಿದ್ದೆನೋ, ಮರೆಯಲೆಂದೇ ಬಳಿದಿದ್ದೆನೋ. ಅವತ್ತು ಗೋಡೆ ಮುಗಿಸಿಯೇ ಹೋದೆ. ನಾನು ತಲುಪುವಷ್ಟರಲ್ಲಿ ಮಣ್ಣು ಮಾಡಿ, ಕೈಕಾಲು ತೊಳೆದುಕೊಂಡು ಎಲ್ಲರೂ ಕೂತಿದ್ದರು. ಅಣ್ಣ ನನ್ನ ಮುಖ ನೋಡಲಿಲ್ಲ, ನನ್ನ ಬೆರಳಿಗಂಟಿದ್ದ ಬಣ್ಣ ನೋಡಿದ.

ನಿರ್ದೇಶಕರು ಮೂಗು ಮುರಿದರು. "ಇದು ಸಪ್ಪೆ. ಉಳಿದವುಗಳ ಮೊನಚಿಲ್ಲ. ಕೆರೆದುಹಾಕಿ, ಕೆಳಗೆ ಒಳ್ಳೇದು ಸಿಗತ್ತೆ."

ಕಲಾವಿದೆ ಚಾಕು ಎತ್ತಿದರು. ಹೆಂಡತಿಯ ಮಾತು ನೆನಪಿತ್ತು, ಎಂಟು ತಿಂಗಳೂ ನೆನಪಿತ್ತು. ಆದರೂ ಕಾಲು ಮುಂದೆ ಹೋಯಿತು. ಗೋಡೆಗೆ ಬೆನ್ನು ಕೊಟ್ಟು ನಿಂತೆ.

"ಸಾರ್, ಇದನ್ನ ಕೆರೀಬೇಡಿ. ಇದು ನಮ್ಮಪ್ಪನ ವಿಷಯ. ನಾನು ಬರ್ದಿದ್ದು."

ನಿರ್ದೇಶಕರು ಕಣ್ಣು ಪಿಳಿಪಿಳಿ ಬಿಟ್ಟರು. ಇದೂ ಕೃತಿಯ ಭಾಗವೆಂದು ತಿಳಿದು ಜನ ಚಪ್ಪಾಳೆ ತಟ್ಟಿದರು. ನಿರ್ದೇಶಕರೂ ಎರಡು ಸಲ ತಟ್ಟಿ, ಥಟ್ಟನೆ ನಿಲ್ಲಿಸಿದರು.

"ಹಾಗಾದ್ರೆ ಆ 'ತಲೆ ಖಾಲಿ ಗೋಡೆ' ಅನ್ನೋ ಸಾಲು?"

"ಅದೂ ನಾನೇ ಸಾರ್. ಎಲ್ಲಾನೂ ನಾನೇ."

"ಅಂದ್ರೆ ನನಗೇ ಬರ್ದಿದ್ದಾ?"

"ಮತ್ತಿನ್ಯಾರಿಗೆ ಸಾರ್?"

ಮಹಾನುಭಾವ ಬಣ್ಣ ಹೊಡೆಯುವವನು ಎಂದು ತಿಳಿದ ಕೂಡಲೇ ಅಧಿಕಾರದ ಪ್ರತೀಕಕ್ಕೆ ಮೈಯೆಲ್ಲ ಉರಿಯಿತು. "ಬೀಗದ ಕೈ ಕೊಟ್ಟು ಮನೆಗೆ ನಡಿ. ನಾಳೆಯಿಂದ ಈ ಕಡೆ ಬರಬೇಡ."

"ಆಗ್ಲಿ ಸಾರ್."

ಕೊಟ್ಟೆ. ಆದರೆ ಹೋಗಲಿಲ್ಲ. ಹಿಂದಿನ ಕೋಣೆಯಿಂದ ಡಬ್ಬವನ್ನೂ ಬ್ರಷ್ಷನ್ನೂ ತಂದೆ. "ಏಯ್, ಏನು ಮಾಡ್ತಿದ್ದೀಯ?" ಎಂದು ಅವರು ಕೂಗಿದರು. ಕಲಾವಿದೆ ಪಕ್ಕಕ್ಕೆ ಸರಿದು, "ಇದಕ್ಕೆ ಏನಂತ ಹೆಸರಿಡ್ತೀರಿ?" ಎಂದು ಕೇಳಿದರು. ಅಪ್ಪನ ಸಾಲಿನ ಮೇಲೆ ಎರಡು ಕೋಟು ಹೊಡೆದು, ಅದು ಒಣಗುವವರೆಗೂ ಪಕ್ಕದಲ್ಲೇ ಕೂತಿದ್ದೆ.