ಭರ್ತಿ ದೊಡ್ಡಮ್ಮನ ಚಿತ್ರವಿದ್ಯೆ

ಖಾಲಿ ಜಾಗ ಕಂಡರೆ ಸಾಕು, ನಮ್ಮ ದೊಡ್ಡಮ್ಮನಿಗೆ ಕೈ ತುರಿಸುತ್ತದೆ. ಕಪಾಟಿನ ಡಬ್ಬಿಗಳ ನಡುವೆ ಸಂದು ಕಂಡರೆ ಅಲ್ಲೊಂದು ಲೋಟ, ಕೈಚೀಲದಲ್ಲಿ ಮೂಲೆ ಉಳಿದರೆ ಅಲ್ಲೊಂದು ಕೊಡೆ, ಎದುರಿದ್ದವರು ಮಾತಿನ ನಡುವೆ ಉಸಿರೆಳೆದುಕೊಂಡರೆ ಅಲ್ಲೊಂದು "ಅದಿರ್ಲಿ ಬಿಡಿ, ಇದನ್ನ ಕೇಳಿ." ಗಾಜಿನ ಸಾಮಾನಿನ ಅಂಗಡಿಯಲ್ಲಿ ಪೆಟ್ಟಿಗೆ ತುಂಬುವ ಕೆಲಸದಲ್ಲೇ ತಲೆ ನೆರೆಸಿಕೊಂಡವರು, ಲೋಟಕ್ಕೂ ಲೋಟಕ್ಕೂ ನಡುವೆ ಕಾಗದ ತುರುಕದಿದ್ದರೆ ಸರ್ವನಾಶವೆಂಬ ತತ್ವ ಅವರಿಗೆ ರಕ್ತಗತವಾಗಿತ್ತು. ನಾವೆಲ್ಲ ಅವರನ್ನು ಕರೆಯುತ್ತಿದ್ದುದೇ ಭರ್ತಿ ದೊಡ್ಡಮ್ಮ ಎಂದು.

ಇಂಥವರು ನಿವೃತ್ತರಾದದ್ದೇ ತಡ, ಸಂಜೆಯ ಚಿತ್ರಕಲಾ ತರಗತಿಗೆ ಸೇರಿಬಿಟ್ಟರು. ಇದ್ದದ್ದು ಒಂದೇ ಆಸೆ: ದೊಡ್ಡಪ್ಪನ ಚಿತ್ರ ಬರೆಯಬೇಕು. ಹಳೆಯ ಬಸ್ ಡ್ರೈವರಾದ ದೊಡ್ಡಪ್ಪ ಕ್ಯಾಮೆರಾ ಕಂಡೊಡನೆ ಮರಗಟ್ಟಿ ಕೂರುವವರಾದ್ದರಿಂದ, ಅವರ ಸಹಜವಾದ ಠೀವಿ ಯಾವ ಫೋಟೋದಲ್ಲೂ ಸಿಕ್ಕಿಲ್ಲವೆಂಬುದು ದೊಡ್ಡಮ್ಮನ ಬಹುಕಾಲದ ಕೊರಗು. ಅಂಗಿಯ ಗುಂಡಿ, ಹುಬ್ಬಿನ ಕೂದಲು, ಹಿಂದಿನ ಗೋಡೆಯ ಬಿರುಕು ಸಹ ಬಿಡದೆ ಗಿಡಿದು ತುಂಬಿದ ಮೊದಲ ಚಿತ್ರವನ್ನು ನಾದಿನಿಗೆ ತೋರಿಸಿದರು. ಮುಖಕ್ಕೆ ಹೊಡೆದಂತೆ ಮಾತಾಡುವ ಆ ನಾದಿನಿ ಸ್ವಂತ ಅಣ್ಣನ ಚಿತ್ರವನ್ನು ತಿರುಗಿಸಿ ಮುರುಗಿಸಿ ನೋಡಿ, "ಚೆನ್ನಾಗಿದೆ ಅತ್ತಿಗೆ, ಯಾವ ಬೀರು ಇದು?" ಎಂದರು.

ದೊಡ್ಡಮ್ಮ ಅಂದು ಅರ್ಧ ಊಟಕ್ಕೇ ತಟ್ಟೆ ಸರಿಸಿ ಎದ್ದರು. "ಮುಂದಿನ ಸಲಾನೂ ಅವಳು ಗುರುತು ಹಿಡೀಲಿಲ್ಲ ಅಂದ್ರೆ ನಾನು ಪೆನ್ಸಿಲ್ ಮುಟ್ಟಲ್ಲ" ಎಂದು ಶಪಥ ಮಾಡಿದರು.

ತರಗತಿಯಲ್ಲಿ ಮೇಷ್ಟ್ರು ಮೇಜಿನ ಮೇಲೊಂದು ಸ್ಟೂಲ್ ಇಟ್ಟು, "ಸ್ಟೂಲ್ ಬರೀಬೇಡಿ ಅಮ್ಮ, ಅದರ ಕಾಲುಗಳ ಮಧ್ಯೆ ಇರೋ ಖಾಲಿ ಜಾಗ ಬರೀರಿ" ಎಂದರು.

"ಇಲ್ಲದ್ದನ್ನ ಹೇಗೆ ಬರೀಲಿ ಸಾರ್?"

"ಲೋಟ ಪ್ಯಾಕ್ ಮಾಡುವಾಗ ಕಾಗದ ಯಾವ ಆಕಾರಕ್ಕೆ ಮಡಿಸ್ತಿದ್ರಿ?"

"ಸಂದಿನ ಆಕಾರಕ್ಕೆ."

"ಮತ್ತಿನ್ನೇನು? ಈ ಸಂದಿಗೆ ಕಾಗದದ ಬದಲು ಇದ್ದಿಲ ಕಪ್ಪು ತುಂಬಿ."

ದೊಡ್ಡಮ್ಮ ಮೂಗಿನ ಮೇಲೆ ಬೆರಳಿಟ್ಟರು. ಆಮೇಲೆ ಅವರನ್ನು ಹಿಡಿಯುವವರೇ ಇಲ್ಲ. ಒಂದು ಕಣ್ಣು ಕಿರಿದು ಮಾಡಿ ಕತ್ತರಿಯ ಬಳೆಯೊಳಗಿನ ಸಂದನ್ನೂ ಕೆಟಲಿನ ಹಿಡಿಯೊಳಗಿನ ಸಂದನ್ನೂ ಕಿಟಕಿಯ ಸರಳುಗಳ ನಡುವಿನ ಆಕಾಶವನ್ನೂ ದಿಟ್ಟಿಸುತ್ತ, ಒಲೆಯ ಮೇಲಿನ ಹಾಲನ್ನು ಉಕ್ಕಿಸುತ್ತ, ಮನೆತುಂಬ ಸಂಭ್ರಮದಿಂದ ಓಡಾಡಿದರು.

ಒಂದು ಸಂಜೆ ದೊಡ್ಡಮ್ಮ ತರಗತಿಯಿಂದ ತಡವಾಗಿ ಬಂದಾಗ ದೊಡ್ಡಪ್ಪ ಒಂದು ಕೈಯನ್ನು ಸೊಂಟಕ್ಕೂ ಇನ್ನೊಂದನ್ನು ಬಾಗಿಲ ಚೌಕಟ್ಟಿಗೂ ಕೊಟ್ಟು, "ಇದೇನು ಮನೆಗೆ ಬರೋ ಹೊತ್ತಾ?" ಎಂದು ಗದರಿದರು. "ಹಾಗೇ ನಿಂತಿರಿ" ಎಂದ ದೊಡ್ಡಮ್ಮ ಅಲ್ಲೇ ಹಾಳೆ ಬಿಚ್ಚಿದರು. ಮೊಣಕೈಯೊಳಗಿನ ತ್ರಿಕೋನ, ಸೊಟ್ಟಗಾಲುಗಳ ನಡುವಿನ ಉದ್ದನೆಯ ಬಿಲ್ಲು, ಕಿವಿಗೂ ಭುಜಕ್ಕೂ ಮಧ್ಯದ ಮೂಲೆ, ಎಲ್ಲಕ್ಕೂ ಕಪ್ಪು ತುಂಬಿದರು. ಮನುಷ್ಯನ ಮೈಮೇಲೆ ಒಂದು ಗೆರೆಯನ್ನೂ ಎಳೆಯಲಿಲ್ಲ.

ದೊಡ್ಡಪ್ಪ ಬಗ್ಗಿ ನೋಡಿದರು. "ನನ್ನ ಬರೆದೇ ಇಲ್ವಲ್ಲೇ?"

"ನಿಮ್ಮನ್ನ ಬಿಟ್ಟು ಮಿಕ್ಕಿದ್ದೆಲ್ಲ ಬರೆದೆ. ನೀವಾಗೇ ಬಂದು ನಿಂತ್ರಿ."

ಭಾನುವಾರ ನಾದಿನಿ ಬಂದರು. ದೊಡ್ಡಮ್ಮ ಹಾಳೆ ಮುಂದಿಟ್ಟು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ತುಟಿ ಪಿಟಕ್ಕೆನ್ನದೆ ಕುಳಿತರು. ನಾದಿನಿ ಕನ್ನಡಕವನ್ನೂ ಹುಡುಕಲಿಲ್ಲ.

"ಅಣ್ಣ ಯಾರ ಮೇಲೆ ರೇಗೋಕೆ ನಿಂತಿದ್ದಾನೆ ಅತ್ತಿಗೆ?"

ದೊಡ್ಡಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಒಂದೇ ಸೂರಿನಡಿ ಬಾಳಿದವರು ಪರಸ್ಪರ ಬಲ್ಲೆವೆಂಬ ನೆಮ್ಮದಿಯಲ್ಲೇ ನೋಡುವುದನ್ನು ಮರೆತುಬಿಡುತ್ತಾರೆ. ದೊಡ್ಡಮ್ಮನಂಥವರು ಮಾತ್ರ ಆ ನೆಮ್ಮದಿಯನ್ನು ಬದಿಗಿಟ್ಟು, ನಗೆಪಾಟಲಾದರೂ ಸರಿಯೆಂದು, ಮುಪ್ಪಿನಲ್ಲಿ ತಮ್ಮವರನ್ನು ಮೊದಲ ಸಲವೆಂಬಂತೆ ನೋಡುತ್ತಾರೆ. ನೋಡಿದ ಮೇಲೆ ಇನ್ನೊಮ್ಮೆ ಮನಸೋಲುತ್ತಾರೆ.